ವಿರೂಪಣ್ಣನ ಅಂಗಾಲು ಮತ್ತು ಜೀವಕೋಶದ ಕಸ

ಹೋದ ತಿಂಗಳು ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಇಬ್ಬರೂ ಹೊಸ ನರ್ಸುಗಳು. ನಾನು ನಿವೃತ್ತಳಾದ ವಾರ್ಡಿಗೇ ಅವರಿಗೆ ಡ್ಯೂಟಿ ಬಿದ್ದಿದೆ. ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯ ಕ್ಯಾನ್ಸರ್ ಡೇ-ಕೇರ್ ಅದು. ಬೆಳಿಗ್ಗೆ ರೋಗಿ ಬರುತ್ತಾನೆ, ಔಷಧ ಹಾಕಿಸಿಕೊಳ್ಳುತ್ತಾನೆ, ಸಂಜೆ ಬಸ್ಸಿಗೆ ಊರಿಗೆ ಹೋಗುತ್ತಾನೆ. "ಅಲ್ಲಿ ಕೆಲಸ ಮಾಡೋವಾಗ ಅಳು ಬರಂಗಿಲ್ಲೇನ್ರಿ ಸಿಸ್ಟರ್?" ಎಂದು ಒಬ್ಬಳು ಕೇಳಿದಳು. ಬರುತ್ತದೆ, ಯಾಕೆ ಬರುವುದಿಲ್ಲ? ಆದರೆ ಅತ್ತದ್ದಕ್ಕಿಂತ ನಾನು ಬೈದದ್ದು ಹೆಚ್ಚು, ಬೈದದ್ದಕ್ಕಿಂತ ನಕ್ಕದ್ದು ಹೆಚ್ಚು. ಅವರಿಗೆ ಚಹಾ, ಮಂಡಕ್ಕಿ ಕೊಟ್ಟು ಏನೋ ಎರಡು ಮಾತು ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ, ಹೇಳಬೇಕಾದ್ದು ಯಾವುದನ್ನೂ ಹೇಳಲಿಲ್ಲವಲ್ಲ ಎಂದು ನನಗೇ ಸಿಟ್ಟು ಬಂತು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಕಂಪ್ಲಿಯವಳು. ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದರು. ಗಿರಣಿಯ ಸದ್ದಿನಲ್ಲಿ ಬೆಳೆದದ್ದಕ್ಕೋ ಏನೋ, ನನ್ನ ದನಿ ಸ್ವಲ್ಪ ದೊಡ್ಡದು. ರೋಗಿಗಳು ನನ್ನನ್ನು ಜೋರಿನ ಸಿಸ್ಟರ್ ಅನ್ನುತ್ತಿದ್ದರು. ಸ್ಟಾಫ್ ನರ್ಸ್ ಆಗಿದ್ದವಳು ಯಾವಾಗ ಇನ್‌ಚಾರ್ಜ್ ಆದೆ, ಆಗ ಯಾರು ಹಾರ ಹಾಕಿದರು, ಅದೆಲ್ಲ ಯಾರಿಗೆ ಬೇಕು ಬಿಡಿ.

ಇಲ್ಲಿ ಹೇಳಹೊರಟಿರುವ ಕಾಯಿಲೆಯನ್ನು ನಾನು ಮೊದಲು ನೋಡಿದ್ದು ಸಂಡೂರಿನ ಹನುಮಂತಪ್ಪನಲ್ಲಿ. ಅದಿರು ಲಾರಿಯ ಡ್ರೈವರ್. ಬೆನ್ನು ನೋವು ಅಂತ ವರ್ಷಗಟ್ಟಲೆ ಓಡಾಡಿದ್ದ. ಗಣಿ ರಸ್ತೆಯ ಗುಂಡಿಯಲ್ಲಿ ಲಾರಿ ಓಡಿಸುವವನಿಗೆ ಬೆನ್ನು ನೋಯದೆ ಇರುತ್ತದೆಯೇ, ಎಲ್ಲರೂ ಸೀಟಿನ ಮೇಲೇ ತಪ್ಪು ಹಾಕಿದರು. ಪಟ್ಟಿ ಕಟ್ಟಿದರು, ಎಣ್ಣೆ ತಿಕ್ಕಿದರು, ಕಾವು ಕೊಟ್ಟರು. ಕೊನೆಗೆ ಒಂದು ದಿನ ಟಾರ್ಪಾಲಿನ ಹಗ್ಗ ಬಿಗಿಯುವಾಗ ಪಕ್ಕೆಲುಬು ಲಟ್ಟೆಂದು ಮುರಿಯಿತಂತೆ. ಹಗ್ಗ ಎಳೆದರೆ ಎಲುಬು ಮುರಿಯುವುದು ಎಲ್ಲಾದರೂ ಉಂಟೇ? ಅವನ ರಕ್ತ ನೋಡಿದರೆ ನೀರಿನ ಹಾಗೆ ತೆಳ್ಳಗಿತ್ತು.

ನಮ್ಮ ಡಾಕ್ಟರು ವಸುಂಧರಾ ಮೇಡಂ. ಮೈಸೂರು ಕಡೆಯವರು. ಆಗ ವಾರಕ್ಕೊಮ್ಮೆ ಬಳ್ಳಾರಿಯಿಂದ ರೈಲಿನಲ್ಲಿ ಬಂದು ರೋಗಿಗಳನ್ನು ನೋಡಿ ಹೋಗುತ್ತಿದ್ದರು. ನಾನು ಹೆದರಿದ್ದು ಅಂತ ಇದ್ದರೆ ಅವರೊಬ್ಬರಿಗೇ. ಕೂಗುತ್ತಿರಲಿಲ್ಲ, ಕನ್ನಡಕದ ಮೇಲಿಂದ ಸುಮ್ಮನೆ ನೋಡುತ್ತಿದ್ದರು. ಹನುಮಂತಪ್ಪನ ರಿಪೋರ್ಟ್ ನೋಡಿ ಮೈಲೋಮಾ, ಮಜ್ಜೆಯ ಕ್ಯಾನ್ಸರ್ ಎಂದರು. ಎಲುಬಿನ ಮಜ್ಜೆಯಲ್ಲಿ ಒಂದು ಜಾತಿಯ ಜೀವಕೋಶ ಇರುತ್ತದೆ. ರೋಗದ ವಿರುದ್ಧ ಹೋರಾಡುವ ಪ್ರೋಟೀನ್ ತಯಾರಿಸುವುದೇ ಅದರ ಕೆಲಸ. ಅಂಥ ಒಂದು ಕೋಶ ಕೆಟ್ಟು, ಒಂದು ಹತ್ತಾಗಿ, ಹತ್ತು ಸಾವಿರವಾಗಿ, ಯಾರಿಗೂ ಬೇಡದ ಒಂದೇ ನಮೂನೆಯ ಪ್ರೋಟೀನನ್ನು ಹಗಲೂ ರಾತ್ರಿ ತಯಾರಿಸಿ ರಕ್ತಕ್ಕೆ ಸುರಿಯುತ್ತದೆ. ಎಲುಬು ಟೊಳ್ಳಾಗುತ್ತದೆ, ಮೂತ್ರಪಿಂಡ ಕಟ್ಟಿಕೊಳ್ಳುತ್ತದೆ, ಒಳ್ಳೆಯ ರಕ್ತ ಹುಟ್ಟುವುದಕ್ಕೆ ಜಾಗವಿಲ್ಲದೆ ಹೋಗುತ್ತದೆ.

ಆಗ ನಮ್ಮ ಕೈಯಲ್ಲಿ ಇದ್ದದ್ದು ಹಳೆಯ ಮಾತ್ರೆಗಳು. ಹನುಮಂತಪ್ಪ ಅವನ್ನು ನುಂಗಿಕೊಂಡು ಸ್ವಲ್ಪ ದಿನ ಚೆನ್ನಾಗಿಯೇ ಇದ್ದ. ಲಾರಿ ಬಿಟ್ಟಿದ್ದ. ಸಂಡೂರು ಬಸ್ ನಿಲ್ದಾಣದಲ್ಲಿ ಕೂತು ಹಳೆಯ ಗೆಳೆಯರ ಲಾರಿಗಳ ಹಾರನ್ ಕೇಳಿಯೇ ಯಾರದು ಎಂದು ಹೇಳುತ್ತೇನೆ ಎಂದು ಜಂಭ ಕೊಚ್ಚುತ್ತಿದ್ದ. ಆಮೇಲೆ ಮಾತ್ರೆ ನಾಟಲಿಲ್ಲ. ಒಂದು ವಾರ ಅವನ ಬದಲಿಗೆ ಅವನ ತಮ್ಮ ಬಂದು ಬಾಗಿಲಲ್ಲಿ ನಿಂತ. ಅವನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಆ ದಿನ ಸ್ಟೋರ್ ರೂಮಿಗೆ ಹೋಗಿ ಅತ್ತೆ.

ಅದಾಗಿ ಬಹಳ ಕಾಲ ಕಳೆಯಲಿಲ್ಲ, ಹೊಸ ಇಂಜೆಕ್ಷನ್ ಬಂತು. ಬೋರ್ಟೆಜೊಮಿಬ್ ಅಂತ ಹೆಸರು. ನಾಲಿಗೆ ತಿರುಗದೆ ಆಯಾಗಳು ಅದನ್ನು ಬೋರ್‌ವೆಲ್ ಇಂಜೆಕ್ಷನ್ ಅಂದರು, ಹಾಗೆಯೇ ಉಳಿಯಿತು. ಮೇಡಂ ನಮ್ಮನ್ನೆಲ್ಲ ಪ್ಯಾಂಟ್ರಿಯಲ್ಲಿ ಕೂರಿಸಿಕೊಂಡು ಪಾಠ ಮಾಡಿದರು. ಕೊಡುವವರಿಗೆ ಗೊತ್ತಿಲ್ಲದ ಔಷಧವನ್ನು ನನ್ನ ವಾರ್ಡಿನಲ್ಲಿ ಕೊಡಕೂಡದು ಎಂಬುದು ಅವರ ಹಟ. ಆ ಪಾಠ ನನಗೆ ಇನ್ನೂ ನೆನಪಿದೆ, ನೀವೂ ಕೇಳಿ.

ನಮ್ಮ ಒಂದೊಂದು ಜೀವಕೋಶವೂ ಪ್ರೋಟೀನ್ ತಯಾರಿಸುತ್ತಲೇ ಇರುತ್ತದೆ. ತಯಾರಾದದ್ದೆಲ್ಲ ಸರಿ ಇರುವುದಿಲ್ಲ. ಕೆಲವು ಸರಿಯಾಗಿ ಮಡಿಚಿಕೊಂಡಿರುವುದಿಲ್ಲ, ಕೆಲವು ಸವೆದಿರುತ್ತವೆ, ಕೆಲವು ತಮ್ಮ ಕೆಲಸ ಮುಗಿದ ಮೇಲೂ ಉಳಿದರೆ ಕಿತಾಪತಿ ಮಾಡುತ್ತವೆ. ಇಂಥವನ್ನು ಕೋಶ ಹಾಗೇ ಬಿಡುವುದಿಲ್ಲ. ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಒಂದರ ಬಾಲಕ್ಕೊಂದು ಸರ ಮಾಡಿ ಆ ಕೆಟ್ಟದ್ದಕ್ಕೆ ಅಂಟಿಸುತ್ತದೆ. ಇದನ್ನು ಒಡೆಯಿರಿ ಎಂಬ ಗುರುತು ಅದು. ಆ ಗುರುತು ಹೊತ್ತ ಪ್ರೋಟೀನ್ ಹೋಗುವುದು ಪ್ರೋಟಿಯಾಸೋಮ್ ಎಂಬ ಯಂತ್ರಕ್ಕೆ. ಪೀಪಾಯಿಯ ಆಕಾರ, ತುದಿಗೆ ಮುಚ್ಚಳ. ಮುಚ್ಚಳ ಗುರುತನ್ನು ನೋಡುತ್ತದೆ. ಗುರುತಿನ ಸರವನ್ನು ಬಿಚ್ಚಿ ಇನ್ನೊಂದಕ್ಕೆ ಉಪಯೋಗವಾಗಲಿ ಎಂದು ಹೊರಗೆ ಬಿಡುತ್ತದೆ. ಪ್ರೋಟೀನಿನ ಮಡಿಕೆ ಬಿಡಿಸಿ, ದಾರದ ಹಾಗೆ ಒಳಗೆ ಎಳೆದುಕೊಳ್ಳುತ್ತದೆ. ಕತ್ತರಿ ಇರುವುದು ಪೀಪಾಯಿಯ ಒಳಗೆ. ಹಾಗಾಗಿ ಗುರುತಿಲ್ಲದ ಒಳ್ಳೆಯ ಪ್ರೋಟೀನಿಗೆ ಅದರ ಭಯವಿಲ್ಲ. ಒಳಗೆ ಚೂರುಚೂರಾದದ್ದು ಹೊರಗೆ ಬಂದು ಇನ್ನೂ ಸಣ್ಣದಾಗಿ, ಹೊಸ ಪ್ರೋಟೀನ್ ಕಟ್ಟುವುದಕ್ಕೆ ಮತ್ತೆ ಬಳಕೆಯಾಗುತ್ತದೆ. ಏನೂ ದಂಡವಾಗುವುದಿಲ್ಲ. ನಮ್ಮ ನಗರಸಭೆಯವರನ್ನು ಕರೆದು ಇದನ್ನು ತೋರಿಸಬೇಕು ಎಂದೆ ನಾನು. ಮೇಡಂ ಕನ್ನಡಕದ ಮೇಲಿಂದ ನೋಡಿದರು.

ಈ ಇಂಜೆಕ್ಷನ್ ಮಾಡುವುದು ಇಷ್ಟೆ, ಆ ಕತ್ತರಿಯ ಬಾಯಲ್ಲೇ ಹೋಗಿ ಕೂರುತ್ತದೆ. ಕಸ ಒಡೆಯುವುದು ನಿಲ್ಲುತ್ತದೆ. ಕಸ ತುಂಬಿ ತುಂಬಿ ಕೋಶ ಸಾಯುತ್ತದೆ. "ಹಂಗಾದ್ರ ಒಳ್ಳೆ ಕೋಶನೂ ಸಾಯ್ತಾವಲ್ರಿ ಮೇಡಂ?" ಎಂದು ಕೇಳಿದೆ. ಅವರಿಗೆ ಆ ಪ್ರಶ್ನೆ ಇಷ್ಟವಾಯಿತು ಅಂತ ಕಾಣುತ್ತದೆ, ಪಕ್ಕದ ಸ್ಟೂಲು ಎಳೆದು ಕೂತೇ ಹೇಳಿದರು. ಕೆಟ್ಟ ಕೋಶ ಎಡೆಬಿಡದೆ ಪ್ರೋಟೀನ್ ತಯಾರಿಸುವುದರಿಂದ ಅದರಲ್ಲಿ ಕಸವೂ ರಾಶಿ. ಬಾಗಿಲು ಮುಚ್ಚಿದರೆ ಅದೇ ಮೊದಲು ಉಸಿರುಗಟ್ಟುವುದು. ಒಳ್ಳೆಯದಕ್ಕೆ ಕಸ ಕಡಿಮೆ, ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಅಷ್ಟರೊಳಗೆ ಔಷಧದ ಹಿಡಿತ ಸಡಿಲವಾಗುತ್ತದೆ, ಅದಕ್ಕೇ ಎರಡು ಇಂಜೆಕ್ಷನ್ ನಡುವೆ ಬಿಡುವು ಕೊಡುವುದು. ಆದರೆ ನರಗಳು ಪಾಪದವು, ಅವುಗಳ ಮೇಲೆ ಕಣ್ಣಿಡಿ ಎಂದರು. ಬೆನ್ನಿನಿಂದ ಅಂಗಾಲಿನವರೆಗೆ ಅಷ್ಟುದ್ದ ಹೋಗುವ ನರಕ್ಕೂ ತನ್ನ ಕಸ ತೆಗೆದುಕೊಳ್ಳಬೇಕಲ್ಲ, ಅದಕ್ಕೇ ಪೆಟ್ಟು ಬೀಳುತ್ತದೇನೋ, ಪೂರ್ತಿ ಯಾರಿಗೂ ತಿಳಿದಿಲ್ಲ ಎಂದೂ ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಡಾಕ್ಟರು ಸಿಕ್ಕರೆ ಕಾಲು ಹಿಡಿದುಕೊಳ್ಳಿ, ಬಿಡಬೇಡಿ.

ಮೊದಮೊದಲು ಅದನ್ನು ರಕ್ತನಾಳಕ್ಕೆ ಕೊಡುತ್ತಿದ್ದೆವು, ವಾರಕ್ಕೆ ಎರಡು ಸಲ. ಪುಡಿಯ ಬಾಟಲಿಗೆ ಸಲೈನ್ ಹಾಕಿ ಕರಗಿಸಬೇಕು, ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬಾರದು. ರೋಗಿಗಳ ಎಡವಟ್ಟುಗಳಿಗಂತೂ ಲೆಕ್ಕವಿಲ್ಲ. ಹೊಸಪೇಟೆಯ ಒಬ್ಬ ಜವಳಿ ವ್ಯಾಪಾರಿಯ ಸೊಸೆ, ಮಾವನ ಮೈಯ ವಿಷವೆಲ್ಲ ಇಳಿದುಹೋಗಲಿ ಎಂದು ಫ್ಲಾಸ್ಕಿನಲ್ಲಿ ಗ್ರೀನ್ ಟೀ ತಂದು ಕುಡಿಸುತ್ತಿದ್ದಳು. ಪಕ್ಕದ ಹಾಸಿಗೆಗಳಿಗೂ ಒಂದೊಂದು ಲೋಟ ಹಂಚುವಷ್ಟು ಧಾರಾಳಿ. ಮೇಡಂ ಕಣ್ಣಿಗೆ ಬಿತ್ತು ನೋಡಿ! ಗ್ರೀನ್ ಟೀಯಲ್ಲಿರುವ ಅಂಶ ಈ ಔಷಧವನ್ನೇ ಹಿಡಿದು ಕಟ್ಟಿಹಾಕುತ್ತದಂತೆ. ವಿಷ ಇಳಿಸಲು ಹೋಗಿ ಔಷಧವನ್ನೇ ಇಳಿಸುತ್ತಿದ್ದೀಯಲ್ಲಮ್ಮ ಎಂದು ಹೇಳಿ ಫ್ಲಾಸ್ಕನ್ನು ಸಿಂಕಿಗೆ ಸುರಿದರು. ಅಂದಿನಿಂದ ಮನೆಯಿಂದ ಏನು ಕುಡಿಯಲು ತಂದರೂ ನಾನು ಮುಚ್ಚಳ ತೆಗೆದು ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದೆ. ನೀವೂ ಮೂಸಿ, ನಾಚಿಕೆ ಪಡಬೇಡಿ.

ಈಗ ವಿರೂಪಣ್ಣನ ವಿಷಯಕ್ಕೆ ಬರುತ್ತೇನೆ.

ವಿರೂಪಣ್ಣ ಕಂಪ್ಲಿಯ ಒಂದು ಅಕ್ಕಿ ಗಿರಣಿಯ ಮಾಲೀಕರು. ಹಣೆಗೆ ಮೂರೆಳೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಟ್ಟಿ ಗಂಟಲು. ಮೊದಲ ಸಲ ಬಂದಾಗ ಬೆನ್ನೆಲುಬಿನ ಒಂದು ಮಣಿ ಕುಸಿದು, ಅವರ ಹೆಂಡತಿ ಹಂಪಮ್ಮ ಮತ್ತು ಆಟೊದವನು ಎರಡೂ ಕಡೆ ಹಿಡಿದುಕೊಂಡು ಒಳಗೆ ತಂದಿದ್ದರು. ನಾನೂ ಕಂಪ್ಲಿಯವಳೇ ಎಂದು ಗೊತ್ತಾದ ಕ್ಷಣದಿಂದ ನಾನು ಅವರಿಗೆ ಸಿಸ್ಟರ್ ಅಲ್ಲ, ತಂಗಿ. ಅಷ್ಟು ನೋವಿನಲ್ಲೂ ಸೂಜಿ ಚುಚ್ಚುವ ಮೊದಲು, ಇದು ಒಳಗೆ ಹೋಗಿ ಏನು ಮಾಡುತ್ತದೆ ಹೇಳು ಎಂದು ಪಟ್ಟು ಹಿಡಿದರು. ಮೇಡಂ ಹೇಳಿದ್ದನ್ನೇ ನನಗೆ ಬಂದ ಹಾಗೆ ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಅಂದ್ರ ಹೊಟ್ಟು ಹಾರೋ ಪೈಪ್ ಬಂದ್ ಮಾಡ್ದಂಗ," ಎಂದರು. "ಒಳಗ ಹೊಟ್ಟು ತುಂಬಿದ್ರ ಎಂಥಾ ಗಿರಣಿನೂ ನಿಂತ್ ಬಿಡ್ತೈತಿ. ಭಾಳ ಜೋರು ಓಡೋ ಗಿರಣಿ ಜಲ್ದಿ ನಿಲ್ತೈತಿ."

ಅದು ಸರಿಯಾಗಿಯೇ ಇತ್ತು. ಮುಂದಿನ ವಾರದಿಂದ ವಾರ್ಡಿಗೆ ಹೊಸದಾಗಿ ಯಾರು ಬಂದರೂ ವಿರೂಪಣ್ಣನೇ ಪಾಠ ಮಾಡಿದರು. ನಿನ್ನ ಕೆಟ್ಟ ಗಿರಣಿಯ ಪೈಪು ಬಂದ್ ಮಾಡ್ತಾರಪಾ, ಹೆದರಬ್ಯಾಡ ಎಂದು. ಔಷಧವೂ ಚೆನ್ನಾಗಿ ಹಿಡಿಯಿತು. ಅವರ ರಕ್ತದಲ್ಲಿದ್ದ ಆ ದರಿದ್ರ ಪ್ರೋಟೀನ್ ಪ್ರತಿ ಪರೀಕ್ಷೆಗೂ ಇಳಿಯುತ್ತ ಬಂತು. ಆಟೊದವನು ಬೇಡವಾದ, ಆಮೇಲೆ ಹಂಪಮ್ಮನ ಹೆಗಲೂ ಬೇಡವಾಯಿತು. ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಗಿರಣಿಗೆ ಹೋಗಲು ಶುರು ಮಾಡಿದರು.

ಪ್ರತಿ ಸಲ ಇಂಜೆಕ್ಷನ್‌ಗೆ ಮುಂಚೆ ಕಾಲು ಹೇಗಿದೆ, ಜೋಮು ಇದೆಯೇ, ಉರಿ ಇದೆಯೇ ಎಂದು ಕೇಳುವುದು ನಮ್ಮ ಪದ್ಧತಿ. ವಿರೂಪಣ್ಣ ಪ್ರತಿ ಸಲವೂ "ಆರಾಮ್ ಅದಾವ" ಅನ್ನುತ್ತಿದ್ದರು. ಹೇಳುವಾಗ ಒಂದು ಕಾಲನ್ನು ಎತ್ತಿ ತೋರಿಸಿಯೂ ಬಿಡುತ್ತಿದ್ದರು. ನಾವು ಆರಾಮ್ ಎಂದು ಬರೆದುಕೊಂಡು ಮುಂದಕ್ಕೆ ಹೋಗುತ್ತಿದ್ದೆವು.

ಒಂದು ದಿನ ಒಳಗೆ ವಿರೂಪಣ್ಣನ ರಕ್ತ ಪರೀಕ್ಷೆಗೆ ಹೋಗಿತ್ತು. ನಾನು ಹೊರಗಿನ ಬೆಂಚಿನಲ್ಲಿ ಹಂಪಮ್ಮನ ಪಕ್ಕ ಕೂತು ಚಹಾ ಕುಡಿಯುತ್ತಿದ್ದೆ. ಊರಿನ ಸುದ್ದಿ ಕೇಳುವ ಚಟ ನನಗೆ. ಯಾರ ಮನೆಯಲ್ಲಿ ಮದುವೆ, ಯಾರ ಗದ್ದೆಗೆ ಕಾಲುವೆ ನೀರು ಬರಲಿಲ್ಲ, ಎಲ್ಲ ಆದ ಮೇಲೆ ಹಂಪಮ್ಮ ಗಿರಣಿಯ ಗೋಳು ತೆಗೆದರು. ಈ ಸಲ ಅಕ್ಕಿಯೆಲ್ಲ ನುಚ್ಚಾಗುತ್ತಿದೆಯಂತೆ. ಪಕ್ಕದ ಮೆಟ್ರಿ ಊರಿನ ರೈತರು ತಂದು ಹಾಕಿದ ಒಳ್ಳೆಯ ನೆಲ್ಲು, ಹಾಕಿದ ಲಾಟೆಲ್ಲ ಅರ್ಧಕ್ಕರ್ಧ ನುಚ್ಚು. ಯಂತ್ರದ ರಬ್ಬರ್ ರೋಲರ್ ಸವೆದಿದೆ ಎಂದು ಹೊಸದು ಹಾಕಿಸಿದರು. ಆಮೇಲೂ ನುಚ್ಚೇ. ಯಜಮಾನರು ಆಪರೇಟರ್ ಮೇಲೆ ರೇಗುತ್ತಾರೆ, ಆಪರೇಟರ್ ಕೆಲಸ ಬಿಡುತ್ತೇನೆ ಅನ್ನುತ್ತಾನೆ.

ನಾನು ಗಿರಣಿಯ ಅಂಗಳದಲ್ಲಿ ಆಡಿ ಬೆಳೆದವಳು. ನೆಲ್ಲು ಅತಿಯಾಗಿ ಒಣಗಿದರೆ ಒಳಗೇ ಸೀಳು ಬಿಟ್ಟು, ಯಂತ್ರಕ್ಕೆ ಹಾಕಿದಾಗ ನುಚ್ಚಾಗುತ್ತದೆ ಎಂದು ಗೊತ್ತಿತ್ತು. ಸಿಮೆಂಟಿನ ಕಣದಲ್ಲಿ ನೆಲ್ಲು ಹರವುತ್ತಾರೆ. ಅನ್ನವಾಗುವ ಪದಾರ್ಥ ಎಂದು ಕಣದಲ್ಲಿ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಬರಿಗಾಲಲ್ಲಿ ನೆಲ್ಲಿನೊಳಗೆ ಸಾಲು ಎಳೆಯುತ್ತ ನಡೆದು, ಅಂಗಾಲಿಗೆ ತಗಲುವ ಬಿಸಿ ಮತ್ತು ಮೊನೆಯ ಮೇಲೆ ಒಣಗಿತೋ ಇಲ್ಲವೋ ಹೇಳುತ್ತಾರೆ. ತೇವ ಇದ್ದರೆ ಮೆತ್ತಗೆ, ಒಣಗಿದರೆ ಚುಚ್ಚುತ್ತದೆ. ತೇವ ಅಳೆಯುವ ಮೀಟರ್ ಬಂದು ಬಹಳ ಕಾಲವಾಯಿತು, ಆದರೆ ಹಳೆಯ ಮಾಲೀಕರ ಮೀಟರ್‌ಗಳೆಲ್ಲ ಗಲ್ಲಾ ಮೇಜಿನ ಡ್ರಾಯರಿನಲ್ಲಿ ಮಲಗಿರುತ್ತವೆ. ಒಣಗಿತು, ನೆಲ್ಲು ಬಳಿದು ರಾಶಿ ಮಾಡಿ ಎಂದು ನಿಮ್ಮಲ್ಲಿ ಹೇಳುವವರು ಯಾರು ಎಂದು ಹಂಪಮ್ಮನನ್ನು ಕೇಳಿದೆ.

"ಅವರೇ ಅಲ್ಲೇನ್ರಿ," ಎಂದರು ಹಂಪಮ್ಮ. "ಹುಷಾರಾದಾಗಿಂದ ದಿನಾ ಕಣದಾಗ ಅಡ್ಡಾಡ್ತಾರ. ಹಮಾಲರು ಒಣಗೈತ್ರಿ ಅಂದ್ರೂ ಕೇಳಂಗಿಲ್ಲ. ಇನ್ನಾ ಮೆತ್ತಗೈತಿ, ಇರ್ಲಿ ಇನ್ನೊಂದ್ ಬಿಸ್ಲು ಅಂತಾರ."

ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟೆ. ಈ ಔಷಧದಿಂದ ನರ ಕೆಟ್ಟ ರೋಗಿಗಳು ನೆಲ ಹೇಗಿದೆ ಎಂದರೆ ಹೇಳುವುದು ಒಂದೇ ಮಾತು, ಹತ್ತಿಯ ಮೇಲೆ ನಡೆದ ಹಾಗಿದೆ ಎಂದು. ಹತ್ತಿಯ ಮೇಲೆ ನಡೆಯುವವನಿಗೆ ಯಾವ ನೆಲ್ಲು ಒಣಗೀತು?

ಒಳಗೆ ಹೋದೆ. ವಿರೂಪಣ್ಣ ಕುರ್ಚಿಯಲ್ಲಿ ಕೂತು ಗಂಗಾವತಿಯ ಕಡೆಯವರೊಬ್ಬರಿಗೆ ಪೈಪಿನ ಪಾಠ ಮಾಡುತ್ತಿದ್ದರು. ಪರದೆ ಎಳೆದೆ. ಚಪ್ಪಲಿ ಬಿಡಿಸಿದೆ, ಕಣ್ಣು ಮುಚ್ಚಿಸಿದೆ. ಹತ್ತಿಯ ಎಳೆಯಿಂದ ಹೆಬ್ಬೆರಳನ್ನು ಮುಟ್ಟಿ ಯಾವ ಬೆರಳು ಎಂದೆ. ಇನ್ನೂ ಮುಟ್ಟಿಲ್ಲವಲ್ಲ ಎಂದರು. ಕಿರುಬೆರಳು ಮುಟ್ಟಿದೆ, ಅಂಗಾಲಿಗೆ ಎಳೆದೆ. ಈಗ ಮುಟ್ಟು ಅಂದರು. ಹಿಮ್ಮಡಿ ಎತ್ತಿ ನೋಡಿದರೆ ಸುಟ್ಟು ಬೊಬ್ಬೆ ಎದ್ದು ಒಡೆದು ಒಣಗಿದ ಕಲೆಗಳು. ಮಟಮಟ ಮಧ್ಯಾಹ್ನ ಸಿಮೆಂಟಿನ ಕಣದಲ್ಲಿ ಬರಿಗಾಲಲ್ಲಿ ನಿಂತವರಿಗೆ ಬಿಸಿಯೇ ತಿಳಿದಿರಲಿಲ್ಲ. ನನಗೆ ಬಂದ ಸಿಟ್ಟಿಗೆ ಆ ಕಾಲನ್ನು ಹಾಗೇ ಹಿಡಿದುಕೊಂಡು ಕೂತುಬಿಟ್ಟೆ.

ಅವರು ಕಣ್ಣು ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ಎಲ್ಲ ಹೊರಗೆ ಬಂತು. ರಾತ್ರಿ ಕಾಲು ಉರಿದು ನಿದ್ದೆ ಬರುವುದಿಲ್ಲವಂತೆ. ಹಂಪಮ್ಮನಿಗೆ ತಿಳಿಯಬಾರದೆಂದು ಒದ್ದೆ ಟವೆಲ್ ಸುತ್ತಿಕೊಂಡು ಮಲಗುತ್ತಾರಂತೆ. ಬೇರೆ ಎಲ್ಲೋ ಒಂದು ಆಸ್ಪತ್ರೆಯಲ್ಲಿ ಯಾರೋ ಒಬ್ಬರು ಕಾಲು ಜೋಮು ಎಂದದ್ದಕ್ಕೆ ಅವರ ಔಷಧವನ್ನೇ ನಿಲ್ಲಿಸಿದರು ಎಂದು ವಿರೂಪಣ್ಣ ಕೇಳಿದ್ದರು. ಅಂದಿನಿಂದ ಬಾಯಿ ಹೊಲಿದುಕೊಂಡಿದ್ದರು.

"ತಂಗೀ, ಡಾಕ್ಟರಿಗೆ ಹೇಳಬ್ಯಾಡ," ಎಂದರು. ಅಷ್ಟು ಗಟ್ಟಿ ಗಂಟಲಿನವರು, ಪಿಸುಮಾತಿನಲ್ಲಿ. "ಪೈಪ್ ಬಿಚ್ಚಿದ್ರ ಗಿರಣಿ ಮತ್ತ ಚಾಲೂ ಆಗ್ತೈತಿ. ಕಾಲು ಹೋದ್ರ ಹೋಗ್ಲಿ, ಜೀವ ಇರ್ಲಿ."

"ಹೇಳ್ತೀನ್ರಿ," ಎಂದೆ.

"ನಮ್ಮೂರ ಮಗಳು ನೀನು."

"ಅದಕ್ಕ ಹೇಳ್ತೀನಿ."

ಮೇಡಂ ಬಂದು ನೋಡಿದರು. ಅವರೂ ಹತ್ತಿಯ ಎಳೆ ಹಿಡಿದು ಒಂದೊಂದು ಬೆರಳನ್ನೂ ಮುಟ್ಟಿದರು. ಕೊನೆಗೆ, ಇವತ್ತು ಇಂಜೆಕ್ಷನ್ ಇಲ್ಲ, ಕಾಲು ಸುಧಾರಿಸುವವರೆಗೂ ಇಲ್ಲ ಎಂದರು. ವಿರೂಪಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಹಂಪಮ್ಮನನ್ನು ಕರೆದುಕೊಂಡು ಹೊರಟೇಹೋದರು. ಯಾವತ್ತೂ ಹೋಗುವಾಗ ಬರ್ತೀನಿ ತಂಗೀ ಅನ್ನುತ್ತಿದ್ದವರು.

ಆ ವಾರಗಳು ನನಗೆ ಬಹಳ ಕಷ್ಟದವು. ಅವರ ಕುರ್ಚಿ ಖಾಲಿ. ನಾನು ಮಾಡಿದ್ದು ಸರಿ ಎಂದು ತಲೆಗೆ ಗೊತ್ತು, ಆದರೆ ಹೊಟ್ಟೆಗೆ ಗೊತ್ತಾಗಬೇಕಲ್ಲ. ಅನ್ನ ಇಳಿಯುತ್ತಿರಲಿಲ್ಲ. ಆ ಕೆಟ್ಟ ಕೋಶಗಳು ಈ ಬಿಡುವಿನಲ್ಲಿ ಮತ್ತೆ ಕಸ ತೆಗೆದುಕೊಂಡು ಚೇತರಿಸಿಕೊಂಡರೆ? ಹನುಮಂತಪ್ಪನ ತಮ್ಮ ಬಂದು ನಿಂತಿದ್ದ ಹಾಗೆ ಇನ್ನೊಂದು ದಿನ ಹಂಪಮ್ಮ ಬಾಗಿಲಲ್ಲಿ ಬಂದು ನಿಂತರೆ? ಮೇಡಂ ಹತ್ತಿರ ಇದನ್ನು ಹೇಳಿಯೂಬಿಟ್ಟೆ. ಅವರು ನನ್ನನ್ನು ಗದರಲಿಲ್ಲ. "ಕಾಲಿನ ನರ ಪೂರ್ತಿ ಸತ್ತಿದ್ದರೆ ಈ ಔಷಧವನ್ನು ಶಾಶ್ವತವಾಗಿ ನಿಲ್ಲಿಸಬೇಕಾಗುತ್ತಿತ್ತು. ನೀವು ಹೇಳಿದ್ದರಿಂದ ಔಷಧ ಬರೀ ತಡವಾಗಿದೆ," ಎಂದರು. ಅಷ್ಟು ಹೇಳಿ ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿದರು. ಅವರಿಂದ ನನಗೆ ಸಿಕ್ಕ ದೊಡ್ಡ ಬಹುಮಾನ ಅದೇ.

ಅಷ್ಟರಲ್ಲಿ ನಮ್ಮಲ್ಲಿ ಪದ್ಧತಿಯೂ ಬದಲಾಗಿತ್ತು. ಅದೇ ಔಷಧವನ್ನು ರಕ್ತನಾಳಕ್ಕೆ ಬದಲಾಗಿ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ ಕೊಟ್ಟರೆ, ರೋಗದ ಮೇಲೆ ಅಷ್ಟೇ ಕೆಲಸ ಮಾಡುತ್ತದೆ, ನರಕ್ಕೆ ಪೆಟ್ಟು ಕಡಿಮೆ ಎಂದು ತಿಳಿದಿತ್ತು. ಬಾಟಲಿ ಅದೇ, ಆದರೆ ಕರಗಿಸುವ ಸಲೈನ್ ಕಡಿಮೆ. ಎರಡೂ ನಮೂನೆ ಒಂದೇ ವಾರ್ಡಿನಲ್ಲಿ ನಡೆಯುತ್ತಿದ್ದ ದಿನಗಳಲ್ಲಿ ನಾನು ಸಿರಿಂಜಿನ ಮೇಲೆ ಚರ್ಮಕ್ಕೆ, ನಾಳಕ್ಕೆ ಎಂದು ದೊಡ್ಡದಾಗಿ ಬರೆದು ಅಂಟಿಸದೆ ಕೈಯಿಂದ ಕೆಳಗೆ ಬಿಡುತ್ತಿರಲಿಲ್ಲ. ಹೊಸಬರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಕಾಲಿನ ಉರಿ ಇಳಿದ ಮೇಲೆ ವಿರೂಪಣ್ಣನನ್ನು ಮತ್ತೆ ಕರೆಸಿದರು. ರಕ್ತ ಪರೀಕ್ಷೆಗೆ ಕಳಿಸಿ ರಿಪೋರ್ಟ್ ಬರುವ ತನಕ ನಾನು ಸ್ವಚ್ಛವಾಗಿದ್ದ ಟ್ರಾಲಿಯನ್ನೇ ಒರೆಸುತ್ತಿದ್ದೆ. ಪ್ರೋಟೀನ್ ಏರಿರಲಿಲ್ಲ. ಮೇಡಂ ವಿರೂಪಣ್ಣನ ಎದುರಿಗೇ ಕಾಗದ ಇಟ್ಟು ತೋರಿಸಿದರು. ಗಿರಣಿ ಚಾಲೂ ಆಗಿಲ್ಲ ಯಜಮಾನರೇ ಎಂದರು. ಇನ್ನು ಮೇಲೆ ಔಷಧದ ಪ್ರಮಾಣ ಕಡಿಮೆ, ವಾರಕ್ಕೆ ಒಂದೇ ಸಲ, ಹೊಟ್ಟೆಯ ಚರ್ಮದಡಿ. ಆದರೆ ಒಂದು ಷರತ್ತು, ಕಾಲಿನ ವಿಷಯದಲ್ಲಿ ಸುಳ್ಳು ಹೇಳಬಾರದು, ಕಣಕ್ಕೆ ಬರಿಗಾಲಲ್ಲಿ ಇಳಿಯಬಾರದು.

ಕಣದಾಗ ಚಪ್ಪಲಿ ಮೆಟ್ಟುವುದು ಹೇಗೆ ಎಂದು ವಿರೂಪಣ್ಣ ತಲೆ ಕೆರೆದುಕೊಂಡರು. ಈ ತೊಡಕನ್ನು ಬಿಡಿಸಿದವರು ಹಂಪಮ್ಮ. ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂಡ್ರಿ, ಡ್ರಾಯರಿನಲ್ಲಿರುವ ಮೀಟರ್ ತೆಗೆದು ಹಮಾಲರ ಕೈಗೆ ಕೊಡ್ರಿ ಎಂದರು. ಆ ವಾರದಿಂದಲೇ ನುಚ್ಚು ಕಡಿಮೆಯಾಯಿತು, ಆಪರೇಟರ್ ಕೆಲಸ ಬಿಡಲಿಲ್ಲ.

ಅವತ್ತು ನಾನು ಅವರ ಹೊಟ್ಟೆಯ ಚರ್ಮ ಹಿಡಿದು ಸೂಜಿ ಚುಚ್ಚುವಾಗಲೂ ಅವರು ಮುಖ ಬಿಗಿದುಕೊಂಡೇ ಇದ್ದರು. ಎದ್ದು ಅಂಗಿ ಸರಿಮಾಡಿಕೊಂಡು, ಹೊರಗೆ ಹೋಗಿ, ಮತ್ತೆ ಬಾಗಿಲಿಗೆ ಬಂದು, "ಬರ್ತೀನಿ ತಂಗೀ," ಎಂದರು. ನಾನು ಹೂಂ ಎಂದೆ.

ಅಂದಿನಿಂದ ನಮ್ಮ ವಾರ್ಡಿನಲ್ಲಿ ಕಾಲು ಹೇಗಿದೆ ಎಂದು ಬರೀ ಬಾಯಲ್ಲಿ ಕೇಳುವುದು ನಿಂತಿತು. ಪ್ರತಿಯೊಬ್ಬರ ಚಪ್ಪಲಿ ಬಿಡಿಸಿ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟಿಯೇ ನೋಡುತ್ತಿದ್ದೆವು. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಬೇರೆಯಾಗಿ ಮಾತಾಡಿಸುತ್ತಿದ್ದೆವು. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತದೆಯೇ, ಚಪ್ಪಲಿ ಕಾಲಿಂದ ಕಳಚಿಬಿದ್ದರೆ ಗೊತ್ತಾಗುತ್ತದೆಯೇ, ಬೈಕಿನ ಬ್ರೇಕು ಸಿಗುತ್ತದೆಯೇ, ರೊಟ್ಟಿ ಬಡಿಯುವಾಗ ಕೈಗೆ ಬಿಸಿ ತಗಲುತ್ತದೆಯೇ, ಹೀಗೆ. ರೋಗಿ ಏನು ಕೆಲಸದವನೋ ಆ ಕೆಲಸದ ಮೇಲೇ ಕೇಳಬೇಕು. ಜೀವ ಉಳಿಸಿಕೊಳ್ಳಲು ಬಂದವರು ಸುಳ್ಳು ಹೇಳುತ್ತಾರೆ, ಅದು ಅವರ ತಪ್ಪಲ್ಲ. ಅವರ ಕೈಕಾಲು ಮಾತ್ರ ಸುಳ್ಳು ಹೇಳುವುದಿಲ್ಲ. ಆ ಹುಡುಗಿಯರು ಚಹಾ ಕುಡಿಯುತ್ತಿದ್ದಾಗ ನಾನು ಹೇಳಬೇಕಾಗಿದ್ದದ್ದು ಇದನ್ನೇ.

ವಿರೂಪಣ್ಣನ ಪ್ರೋಟೀನ್ ಇಳಿದೇ ಇತ್ತು. ಕಾಲು ಮಾತ್ರ ಹಟ ಹಿಡಿದಿತ್ತು. ಉರಿ ಹೋಯಿತು, ನಿದ್ದೆ ಬಂತು, ಆದರೆ ಹತ್ತಿಯ ಎಳೆಗೆ ಬೆರಳು ಉತ್ತರ ಕೊಡಲಿಲ್ಲ. ಕೆಲವರಿಗೆ ಪೂರ್ತಿ ವಾಪಸು ಬರುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಪ್ರತಿ ವಾರ ನಾನು ಮುಟ್ಟುವುದು, ಅವರು ಕಣ್ಣು ಮುಚ್ಚಿಕೊಂಡು ಪರೀಕ್ಷೆಗೆ ಕೂತವರ ಹಾಗೆ ಬೆವರುವುದು. ಒಂದು ಸಲ ಅಂದಾಜಿನ ಮೇಲೆ ಹೆಬ್ಬೆರಳು ಅಂದುಬಿಟ್ಟರು. ನಾನು ಇನ್ನೂ ಮುಟ್ಟಿರಲಿಲ್ಲ. ಷರತ್ತು ನೆನಪಿದೆಯೇ ಎಂದು ಬೈದೆ. ಇಬ್ಬರೂ ನಕ್ಕೆವು, ಆದರೆ ಅವರ ಕಣ್ಣಿನಲ್ಲಿ ನೀರಿತ್ತು.

ಬೇಸಿಗೆ ಹೋಗಿ ಮೊದಲ ಮಳೆ ಬಿದ್ದ ವಾರ. ಬೆಳಿಗ್ಗೆ ಡ್ಯೂಟಿಗೆ ಬಂದು ಗ್ಲೌಸ್ ಹಾಕಿಕೊಳ್ಳುತ್ತಿದ್ದೆ, ವಾರ್ಡಿನ ಫೋನ್ ಬಡಿದುಕೊಂಡಿತು. ವಿರೂಪಣ್ಣ. ಅವತ್ತು ಅವರ ಇಂಜೆಕ್ಷನ್ ದಿನವಲ್ಲ. ಜ್ವರವೋ, ಮತ್ತೆ ಎಲುಬು ಮುರಿಯಿತೋ ಎಂದು ಫೋನನ್ನು ಕಿವಿಗೆ ಒತ್ತಿಕೊಂಡೆ.

ಗಿರಣಿಯ ಹಿಂದೆ ಜಾಲಿ ಕಡಿಸುತ್ತಿದ್ದರಂತೆ. ಬಳ್ಳಾರಿ ಜಾಲಿಯ ಮುಳ್ಳು ಯಾವ ಚಪ್ಪಲಿಯನ್ನು ಬಿಟ್ಟಿದೆ? ಅಟ್ಟೆಯನ್ನು ತೂರಿಕೊಂಡು ಒಳಗೆ ಬಂದಿತ್ತು. ಇವೆಲ್ಲ ನನಗೆ ಆಮೇಲೆ ಹಂಪಮ್ಮ ಹೇಳಿದ್ದು. ಫೋನಿನಲ್ಲಿ ವಿರೂಪಣ್ಣ ಇದ್ಯಾವುದನ್ನೂ ಹೇಳಲಿಲ್ಲ.

"ತಂಗೀ, ಮುಳ್ಳ ಚುಚ್ಚೈತಿ. ಎಡಗಾಲು, ಹೆಬ್ಬೆರಳ ಕೆಳಗ," ಎಂದರು. "ಭಾಳ ನೋವಾತು."

ಮುಳ್ಳು ಪೂರ್ತಿ ತೆಗೆದಿರಾ, ಸೋಪು ಹಚ್ಚಿ ತೊಳೆದಿರಾ, ನಿಮಗೆ ಸಣ್ಣ ಗಾಯವೂ ಕೀವಾಗುತ್ತದೆ, ಮೊದಲ ಬಸ್ಸಿಗೆ ಹೊರಟು ಬನ್ನಿ ಎಂದೆಲ್ಲ ಬಡಬಡಿಸಬೇಕಾಗಿತ್ತು ನಾನು. ಬಡಬಡಿಸಿದೆ ಕೂಡ, ಆದರೆ ಅದು ಆಮೇಲೆ. ಮೊದಲು ಸ್ಟೂಲಿನ ಮೇಲೆ ಕೂತುಕೊಂಡೆ.

"ಏನಾತು ಅಂದ್ರಿ?" ಎಂದೆ. "ಇನ್ನೊಮ್ಮೆ ಹೇಳ್ರಿ."

"ನೋವಾತು, ತಂಗೀ," ಎಂದರು ವಿರೂಪಣ್ಣ.